ನೊಂದವನಿಗೆ ನ್ಯಾಯಾಲಯದಲ್ಲಿ ಎಡೆಯೆಲ್ಲಿ?

ಒಬ್ಬನು ಮತ್ತೊಬ್ಬನ ಕಾಲು ಮುರಿದನೆಂದು ಇಟ್ಟುಕೊಳ್ಳೋಣ. ಏಟು ಒಂದೇ, ಗಳಿಗೆಯೂ ಒಂದೇ, ಮುರಿದ ಕಾಲೂ ಒಂದೇ. ಆದರೆ ಕಾನೂನಿನ ಕಣ್ಣಿಗೆ ಅಲ್ಲಿ ಎರಡು ಸಂಗತಿಗಳು ನಡೆದಿರುತ್ತವೆ. ಸಮಾಜದ ಶಾಂತಿಗೆ ಭಂಗ ಬಂದದ್ದು ಒಂದು. ಕಾಲು ಮುರಿಸಿಕೊಂಡವನಿಗೆ ಆಸ್ಪತ್ರೆಯ ಖರ್ಚು, ಕೆಲಸ ತಪ್ಪಿದ ದಿನಗಳ ಸಂಬಳ, ಮುಂದಿನ ಬಾಳಿನ ಕುಂಟು ಇವೆಲ್ಲ ಒದಗಿದ್ದು ಇನ್ನೊಂದು. ಮೊದಲನೆಯದಕ್ಕೆ ಕ್ರಿಮಿನಲ್ ನ್ಯಾಯಾಲಯ, ಎರಡನೆಯದಕ್ಕೆ ಸಿವಿಲ್ ನ್ಯಾಯಾಲಯ. ಮೊದಲನೆಯದರಲ್ಲಿ ಮೊಕದ್ದಮೆ ಹೂಡುವುದು ಸರ್ಕಾರ. ಕಾಲು ಮುರಿಸಿಕೊಂಡವನು ಅಲ್ಲಿ ಬರಿಯ ಸಾಕ್ಷಿ. ಸಮನ್ಸು ಬಂದ ದಿನ ಹೋಗಬೇಕು, ಕೇಳಿದಷ್ಟಕ್ಕೆ ಉತ್ತರ ಹೇಳಬೇಕು, ಮನೆಗೆ ಬರಬೇಕು. 'ಸ್ವಾಮೀ, ನನ್ನ ಗತಿಯೇನು?' ಎಂದು ಅವನು ಕೇಳಿದರೆ, 'ಅದಕ್ಕೆ ಬೇರೆ ಕೋರ್ಟು ಇದೆಯಪ್ಪ' ಎಂಬ ಉತ್ತರ ಸಿದ್ಧವಾಗಿರುತ್ತದೆ.

ಈ ಏರ್ಪಾಡು ನ್ಯಾಯವೇ? ಶಿಕ್ಷೆಯ ವಿಚಾರಣೆ ನಡೆಯುವ ಜಾಗದಿಂದ ಪರಿಹಾರ ಕೇಳುವವನನ್ನು ದೂರವಿಡುವುದು ಸರಿಯೇ? ಇದು ವಕೀಲರಿಗೆ ಮಾತ್ರ ಸೇರಿದ ಪ್ರಶ್ನೆಯೆಂದು ನಮ್ಮಲ್ಲಿ ಹಲವರು ಭಾವಿಸಬಹುದು. ನಮಗೆ ಹಾಗೆ ತೋರುವುದಿಲ್ಲ. ತಪ್ಪು ಎಂದರೇನು, ಅದು ಯಾರ ವಿರುದ್ಧ ಮಾಡಿದ್ದು, ಅದನ್ನು ಸರಿಪಡಿಸುವುದೆಂದರೆ ಏನು ಎಂಬ ಮೂರು ಮೂಲ ಪ್ರಶ್ನೆಗಳು ಇದರೊಳಗೆ ಅಡಗಿವೆ. ಅವು ಧರ್ಮದ ಪ್ರಶ್ನೆಗಳು. ಆದ್ದರಿಂದ ಎಲ್ಲರ ಪ್ರಶ್ನೆಗಳು.

ನಮ್ಮ ಪೂರ್ವಿಕರು ಇದನ್ನು ಹೇಗೆ ನೋಡಿದರೆಂಬುದು ಕುತೂಹಲಕರವಾಗಿದೆ. ಸ್ಮೃತಿಕಾರರು ವ್ಯವಹಾರವನ್ನು ಹದಿನೆಂಟು ಪದಗಳಾಗಿ ವಿಂಗಡಿಸಿದಾಗ, ಸಾಲ, ಒತ್ತೆ, ದಾಯಭಾಗಗಳ ಜೊತೆಯಲ್ಲಿಯೇ ಬೈಗುಳ, ಹೊಡೆತ, ಕಳವು, ಸಾಹಸಗಳನ್ನೂ ಇಟ್ಟರು. ಸಿವಿಲ್, ಕ್ರಿಮಿನಲ್ ಎಂಬ ಗೋಡೆ ಅಲ್ಲಿ ಇರಲಿಲ್ಲ. ಯಾಜ್ಞವಲ್ಕ್ಯಸ್ಮೃತಿಯ ಪ್ರಕಾರ ಮತ್ತೊಬ್ಬನಿಗೆ ಗಾಯಮಾಡಿದವನು ರಾಜನಿಗೆ ದಂಡ ತೆರುವುದರ ಜೊತೆಗೆ ಗಾಯಗೊಂಡವನಿಗೆ 'ಸಮುತ್ಥಾನ ವ್ಯಯ'ವನ್ನೂ ಕೊಡಬೇಕು. ಸಮುತ್ಥಾನವೆಂದರೆ ಎದ್ದು ನಿಲ್ಲುವುದು; ಹಾಸಿಗೆ ಹಿಡಿದವನು ಮತ್ತೆ ಎದ್ದು ನಿಲ್ಲುವವರೆಗೆ ತಗಲುವ ಖರ್ಚು. ಕಳುವಾದ ಸೊತ್ತನ್ನು ಪ್ರಜೆಗೆ ಕೊಡಿಸುವ ಹೊಣೆಯನ್ನೂ ಈ ಸ್ಮೃತಿ ರಾಜನ ಮೇಲೆಯೇ ಹೊರಿಸುತ್ತದೆ. ಈ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದವನು. ನಮ್ಮ ನಾಡಿನವನು ಎಂದು ಹೆಮ್ಮೆಯಿಂದಲೇ ಹೇಳಿಕೊಳ್ಳಬಹುದು.

ಆದರೆ ಹಿಂದಿನದೆಲ್ಲ ಹೊನ್ನು ಎಂದು ಹೇಳಲು ನಾವು ಹೊರಟಿಲ್ಲ. ಆ ಸ್ಮೃತಿಗಳಲ್ಲಿ ದಂಡದ ಪ್ರಮಾಣ ಹೊಡೆದವನ ಜಾತಿಯನ್ನೂ ಹೊಡೆಸಿಕೊಂಡವನ ಜಾತಿಯನ್ನೂ ನೋಡಿ ಏರಿಳಿಯುತ್ತಿತ್ತು. ಗಾಯವೆಲ್ಲ ಒಂದೇ ಎಂದು ಅವು ಒಪ್ಪಲಿಲ್ಲ. ಇನ್ನು ಕೌಟಿಲ್ಯನಂತೂ ತನ್ನ ಅರ್ಥಶಾಸ್ತ್ರದಲ್ಲಿ 'ಧರ್ಮಸ್ಥೀಯ'ವೆಂದೂ 'ಕಂಟಕಶೋಧನ'ವೆಂದೂ ಎರಡು ಬೇರೆ ಅಧಿಕರಣಗಳನ್ನೇ ಇಟ್ಟು, ಅವಕ್ಕೆ ಬೇರೆ ಬೇರೆ ಅಧಿಕಾರಿಗಳನ್ನು ನೇಮಿಸಿದನು. ಜನರ ನಡುವಣ ವ್ಯಾಜ್ಯ ಬೇರೆ, ರಾಜ್ಯಕ್ಕೆ ಚುಚ್ಚುವ ಮುಳ್ಳನ್ನು ಕೀಳುವುದು ಬೇರೆ ಎಂಬ ಭಾವನೆ ಅದರ ಹಿಂದಿದೆ. ಎರಡೂ ಕಡೆಯ ವಿಚಾರ ನಮ್ಮಲ್ಲೇ ಹಳೆಯ ಕಾಲದಿಂದ ಇದೆಯೆಂದು ತಿಳಿದರೆ ಸಾಕು.

ಈಗ ಪರಿಹಾರ ಕೇಳುವವನನ್ನು ಹೊರಗಿಡಬೇಕೆನ್ನುವವರ ವಾದವನ್ನು ನ್ಯಾಯವಾಗಿ ಕೇಳೋಣ. ಅದು ಹಗುರಾದ ವಾದವಲ್ಲ.

ಅವರು ಹೇಳುವ ಮೊದಲನೆಯ ಮಾತು, ಶಿಕ್ಷೆ ಸೇಡಲ್ಲ ಎಂಬುದು. ಹೊಡೆಸಿಕೊಂಡವನ ಕೈಯಿಂದ ದೊಣ್ಣೆಯನ್ನು ಕಿತ್ತುಕೊಂಡು ಸಮಾಜ ತನ್ನ ಕೈಯಲ್ಲಿ ಇಟ್ಟುಕೊಂಡದ್ದರಿಂದಲೇ ನಾಗರಿಕತೆ ಬೆಳೆಯಿತು. ಆ ದೊಣ್ಣೆಯ ಒಂದು ತುದಿಯನ್ನು ಮತ್ತೆ ಅವನ ಕೈಗೆ ಕೊಟ್ಟರೆ ನಾವು ಹಿಂದಕ್ಕೆ ನಡೆದಂತೆ. ಎರಡನೆಯದು ಆಪಾದಿತನ ಕಷ್ಟ. ಅವನು ತಪ್ಪಿತಸ್ಥನೆಂದು ತೀರ್ಪಾಗುವವರೆಗೆ ನಿರಪರಾಧಿ. ಪೊಲೀಸು, ಸರ್ಕಾರಿ ವಕೀಲ, ಬೊಕ್ಕಸ ಇವೆಲ್ಲ ಒಂದು ಕಡೆ ಇರುವಾಗ, ಅವನ ಎದುರಿಗೆ ಇನ್ನೊಬ್ಬ ವಕೀಲನೂ ಎದ್ದು ನಿಂತರೆ ಒಬ್ಬನ ಮೇಲೆ ಇಬ್ಬರು ಬಿದ್ದಂತಾಗುತ್ತದೆ. ಮೂರನೆಯದು ಸಾಕ್ಷ್ಯದ ಶುದ್ಧಿ. ತೀರ್ಪಿನಿಂದ ಹಣ ಬರುವುದೆಂದು ತಿಳಿದ ಸಾಕ್ಷಿಯ ನಾಲಿಗೆ ಒಂದು ಕಡೆಗೆ ವಾಲದೆ ಇರುತ್ತದೆಯೇ? ನಾಲ್ಕನೆಯದು ಪುರಾವೆಯ ಅಳತೆ. ಒಬ್ಬನನ್ನು ಸೆರೆಗೆ ಹಾಕಲು ಸಂಶಯಕ್ಕೆ ಎಡೆಯಿಲ್ಲದ ಪುರಾವೆ ಬೇಕು. ಹಣ ಕೊಡಿಸಲು ಯಾವ ಕಡೆ ಸಂಭವ ಹೆಚ್ಚೆಂದು ಕಂಡರೆ ಸಾಕು. ಒಂದೇ ಅಂಗಡಿಯಲ್ಲಿ ಎರಡು ಸೇರು ಇಟ್ಟುಕೊಂಡರೆ ಯಾವುದರಿಂದ ಯಾವಾಗ ಅಳೆದರೆಂಬುದು ಗೊಂದಲವಾಗುತ್ತದೆ. ಕೊನೆಯದು ಕಾಲಹರಣ. ಮೊದಲೇ ಆಮೆಯ ನಡಿಗೆಯ ವಿಚಾರಣೆಗೆ ಲೆಕ್ಕಪತ್ರಗಳ ಮೂಟೆಯನ್ನೂ ಹೊರಿಸಿದರೆ ಅದು ಎಂದು ಗುರಿ ಮುಟ್ಟೀತು?

ಈ ವಾದವನ್ನು ಒಪ್ಪದ ದೇಶಗಳೂ ಇವೆ. ಅವುಗಳಲ್ಲಿ ಮುಖ್ಯವಾದದ್ದು ಫ್ರಾನ್ಸ್. ಅಲ್ಲಿ ಅಪರಾಧದಿಂದ ನೇರವಾಗಿ ನಷ್ಟಪಟ್ಟವನು ಕ್ರಿಮಿನಲ್ ವಿಚಾರಣೆಯಲ್ಲಿಯೇ 'ಸಿವಿಲ್ ಪಕ್ಷಗಾರ'ನಾಗಿ ಸೇರಿಕೊಳ್ಳಬಹುದು. ಅವನ ವಕೀಲನು ಕಡತ ನೋಡಬಹುದು, ಪ್ರಶ್ನೆ ಕೇಳಬಹುದು, ಪರಿಹಾರ ಬೇಡಬಹುದು. ಅಷ್ಟೇ ಅಲ್ಲ, 1906ರ ಡಿಸೆಂಬರಿನಲ್ಲಿ ಅಲ್ಲಿನ ಅತ್ಯುಚ್ಚ ನ್ಯಾಯಾಲಯವು ಒಂದು ಪ್ರಸಿದ್ಧ ತೀರ್ಪು ಕೊಟ್ಟಿತು. ಸರ್ಕಾರಿ ವಕೀಲನು ಸುಮ್ಮನೆ ಕುಳಿತಿದ್ದರೂ ನೊಂದವನು ಪಕ್ಷಗಾರನಾಗಿ ಮುಂದೆ ಬಂದರೆ ತನಿಖೆ ಆರಂಭವಾಗಲೇಬೇಕು ಎಂಬುದು ಅದರ ಸಾರ. ಅಧಿಕಾರದಲ್ಲಿರುವವರ ಮೇಲಿನ ದೂರುಗಳನ್ನು ಸರ್ಕಾರ ಮುಚ್ಚಿಹಾಕಲು ಹವಣಿಸಿದಾಗ ಈ ಹಕ್ಕು ಎಷ್ಟೋ ಸಲ ಬಾಗಿಲು ತೆರೆಸಿದೆ. ಅದರ ದುರುಪಯೋಗವೂ ಆಗಿದೆ; ವ್ಯಾಪಾರದ ಎದುರಾಳಿಯನ್ನು ಹೆದರಿಸಲು ಕ್ರಿಮಿನಲ್ ದೂರು ಕೊಡುವವರು ಅಲ್ಲಿಯೂ ಇದ್ದಾರೆ. ಆದ್ದರಿಂದ 2007ರಲ್ಲಿ ಕಾನೂನು ತಿದ್ದಿ, ಸಾಮಾನ್ಯ ಅಪರಾಧಗಳಲ್ಲಿ ಮೊದಲು ಸರ್ಕಾರಿ ವಕೀಲನಿಗೆ ದೂರು ಕೊಡಬೇಕು, ಅವನು ನಿರಾಕರಿಸಿದರೆ ಅಥವಾ ಮೂರು ತಿಂಗಳು ಸುಮ್ಮನಿದ್ದರೆ ಆಗ ಮಾತ್ರ ತನಿಖಾ ನ್ಯಾಯಾಧೀಶನ ಬಳಿಗೆ ಹೋಗಬಹುದು ಎಂದು ಕಟ್ಟು ಹಾಕಿದರು. ಬಾಗಿಲನ್ನು ಮುಚ್ಚಲಿಲ್ಲ, ಹೊಸ್ತಿಲನ್ನು ಸ್ವಲ್ಪ ಎತ್ತರಿಸಿದರು.

ಸಿವಿಲ್ ಪಕ್ಷಗಾರನೆಂದರೆ ಯಾವಾಗಲೂ ಬಡವನೇ ಎಂದು ತಿಳಿಯಬಾರದು. ಫ್ರಾನ್ಸಿನ ಸೊಸೈಟೆ ಜನರಾಲ್ ಬ್ಯಾಂಕು 2008ರಲ್ಲಿ ತನ್ನ ಒಬ್ಬ ನೌಕರನ ಸಟ್ಟಾ ವ್ಯವಹಾರದಿಂದ 490 ಕೋಟಿ ಯೂರೋ ನಷ್ಟವಾಯಿತೆಂದು ಪ್ರಕಟಿಸಿತು. 2010ರಲ್ಲಿ ಕ್ರಿಮಿನಲ್ ನ್ಯಾಯಾಲಯವು ಆ ನೌಕರನಿಗೆ ಸೆರೆವಾಸ ವಿಧಿಸಿದ್ದಲ್ಲದೆ ಅಷ್ಟೂ ಹಣವನ್ನು ಅವನೊಬ್ಬನೇ ಬ್ಯಾಂಕಿಗೆ ತುಂಬಿಕೊಡಬೇಕೆಂದು ಅಪ್ಪಣೆ ಮಾಡಿತು. ಸಂಬಳದಾರನೊಬ್ಬ ಎಷ್ಟು ಜನ್ಮ ಎತ್ತಿದರೆ ಆ ಸಾಲ ತೀರೀತು? 2014ರಲ್ಲಿ ಅತ್ಯುಚ್ಚ ನ್ಯಾಯಾಲಯ ಶಿಕ್ಷೆಯನ್ನು ಎತ್ತಿಹಿಡಿದು, ಪರಿಹಾರದ ಭಾಗವನ್ನು ಮಾತ್ರ ರದ್ದುಮಾಡಿತು. ಮೇಲ್ವಿಚಾರಣೆಯಲ್ಲಿ ಬ್ಯಾಂಕಿನದೂ ಲೋಪವಿದ್ದರೆ ಅದನ್ನು ಎಣಿಸಬೇಕೆಂದಿತು. 2016ರಲ್ಲಿ ಮೊತ್ತ 10 ಲಕ್ಷ ಯೂರೋಗೆ ಇಳಿಯಿತು. ಅಪರಾಧದ ಬಿಸಿಯಲ್ಲಿ ಹಣದ ಲೆಕ್ಕ ಹಾಕಿದರೆ ಲೆಕ್ಕ ತಪ್ಪುತ್ತದೆ ಎಂಬುದಕ್ಕೆ ಇದು ನಿದರ್ಶನ. ಆದರೆ ಅಪರಾಧದ ತೀರ್ಪನ್ನು ಮುಟ್ಟದೆ ಪರಿಹಾರದ ಲೆಕ್ಕವನ್ನು ಬೇರೆಯಾಗಿ ತೂಗಲು ಸಾಧ್ಯವಿದೆ ಎಂಬುದಕ್ಕೂ ಇದೇ ನಿದರ್ಶನ. ಈ ಎರಡನೆಯ ಪಾಠವನ್ನು ಮುಂದೆ ನಾವು ನೆನೆಯಬೇಕಾಗುತ್ತದೆ.

ಇನ್ನು ಕಾಂಬೋಡಿಯಾದ ಕಡೆಗೆ ನೋಡೋಣ. ಖಮೇರ್ ರೂಜ್ ಆಳ್ವಿಕೆಯ ಘೋರ ಕೃತ್ಯಗಳನ್ನು ವಿಚಾರಿಸಲು ವಿಶ್ವಸಂಸ್ಥೆಯ ನೆರವಿನಿಂದ ಅಲ್ಲಿ ವಿಶೇಷ ನ್ಯಾಯಾಲಯ ಸ್ಥಾಪಿತವಾಯಿತು. ಫ್ರೆಂಚ್ ಪದ್ಧತಿಯ ನೆರಳಿನಲ್ಲಿ ನೊಂದವರಿಗೆ ಅಲ್ಲಿ ಪಕ್ಷಗಾರರ ಸ್ಥಾನ ಸಿಕ್ಕಿತು. ಆದರೆ ಒಬ್ಬೊಬ್ಬರಿಗೆ ಹಣ ಕೊಡುವಂತಿಲ್ಲ, ಸಾಮೂಹಿಕವೂ ನೈತಿಕವೂ ಆದ ಪರಿಹಾರ ಮಾತ್ರ ಎಂದು ನಿಯಮವಾಯಿತು. ಮೊದಲ ಮೊಕದ್ದಮೆ, 12,000ಕ್ಕೂ ಹೆಚ್ಚು ಜನರನ್ನು ಬಲಿತೆಗೆದುಕೊಂಡ ತುಓಲ್ ಸ್ಲೆಂಗ್ ಸೆರೆಮನೆಯ ಮುಖ್ಯಸ್ಥ ದುಯಿಕ್ ಎಂಬವನದು. 2009ರಲ್ಲಿ ವಿಚಾರಣೆ ನಡೆದಾಗ ಸುಮಾರು 90 ಮಂದಿ ಪಕ್ಷಗಾರರಿದ್ದರು. ನಡುವೆ ನ್ಯಾಯಾಲಯವು, ಶಿಕ್ಷೆಯ ಪ್ರಮಾಣದ ಬಗ್ಗೆ ಇವರು ವಾದಿಸುವಂತಿಲ್ಲ, ಆಪಾದಿತನ ಶೀಲಸ್ವಭಾವದ ಬಗ್ಗೆ ಪ್ರಶ್ನಿಸುವಂತಿಲ್ಲ ಎಂದು ಆಜ್ಞೆ ಮಾಡಿತು. ಸಿಟ್ಟಿಗೆದ್ದ ಕೆಲವರು ಕಲಾಪವನ್ನು ಬಹಿಷ್ಕರಿಸಿದರು. 2010ರ ಜುಲೈ 26ರಂದು ತೀರ್ಪು ಬಂತು. ದುಯಿಕ್ ತಪ್ಪಿತಸ್ಥನೆಂದು ಹೇಳಿದ ಅದೇ ತೀರ್ಪು, ಪಕ್ಷಗಾರರಲ್ಲಿ 24 ಮಂದಿ ತಮ್ಮ ಸಂಬಂಧವನ್ನು ಸಾಕಷ್ಟು ರುಜುವಾತು ಪಡಿಸಲಿಲ್ಲವೆಂದು ಅವರನ್ನು ಕೈಬಿಟ್ಟಿತು. ಅಷ್ಟು ದಿನ ಪಕ್ಷಗಾರರೆಂದು ಕುಳಿತವರು ಕೊನೆಯ ದಿನ ತಾವು ಪಕ್ಷಗಾರರೇ ಅಲ್ಲವೆಂದು ಕೇಳಬೇಕಾಯಿತು. 2012ರ ಫೆಬ್ರವರಿಯಲ್ಲಿ ಮೇಲ್ಮನವಿಯ ಪೀಠ ಅವರಲ್ಲಿ 10 ಮಂದಿಯನ್ನು ಮರಳಿ ಸೇರಿಸಿತು.

ಆ ಜನಕ್ಕೆ ಸಿಗಬೇಕಾದದ್ದು ಒಂದು ಕಾಸೂ ಇರಲಿಲ್ಲ. ಸಿಕ್ಕಿದ್ದೇನು? ತೀರ್ಪಿನಲ್ಲಿ ತಮ್ಮ ಹೆಸರು, ಸತ್ತ ತಮ್ಮವರ ಹೆಸರು. ಆಪಾದಿತನ ಕ್ಷಮಾಯಾಚನೆಯ ಮಾತುಗಳ ಸಂಕಲನ. ಆದರೂ ತಮ್ಮನ್ನು ಕೈಬಿಟ್ಟಾಗ ಅವರು ಅತ್ತರು, ಮೇಲ್ಮನವಿಗೆ ಹೋದರು. ಇದರಿಂದ ನಾವು ತಿಳಿಯಬೇಕಾದದ್ದೇನು? 'ಪರಿಹಾರ ಕೇಳುವವನು ಹಣಕ್ಕಾಗಿ ಬರುತ್ತಾನೆ' ಎಂಬ ಮಾತು ಅರ್ಧಸತ್ಯ. ತನ್ನ ಮನೆಯ ಹೆಣದ ಲೆಕ್ಕವನ್ನು ಊರು ಒಪ್ಪಿಕೊಳ್ಳಲಿ ಎಂಬುದಕ್ಕಾಗಿಯೂ ಅವನು ಬರುತ್ತಾನೆ.

ನಮ್ಮ ದೇಶದ ಸ್ಥಿತಿಯೇನು? ಆಂಗ್ಲರ ಪದ್ಧತಿಯನ್ನು ನಾವು ಎತ್ತಿಕೊಂಡೆವು. ಅದರ ಜೊತೆಗೆ ಅದರ ಗೋಡೆಯೂ ಬಂತು. 1973ರ ದಂಡ ಪ್ರಕ್ರಿಯಾ ಸಂಹಿತೆಯ 357ನೆಯ ಕಲಮು, ವಿಧಿಸಿದ ಜುಲ್ಮಾನೆಯಿಂದ ನೊಂದವನಿಗೆ ಪರಿಹಾರ ಕೊಡಿಸಬಹುದೆಂದೂ, ಜುಲ್ಮಾನೆ ವಿಧಿಸದಿದ್ದರೂ ಬೇರೆಯಾಗಿ ಪರಿಹಾರ ಕೊಡಿಸಬಹುದೆಂದೂ ಹೇಳಿತು. 'ಕೊಡಿಸಬಹುದು' ಎಂಬಲ್ಲಿ ಎಲ್ಲ ಅಡಗಿತ್ತು. ಬಹುಪಾಲು ನ್ಯಾಯಾಲಯಗಳು ಆ ಕಲಮನ್ನು ತೆರೆದು ನೋಡುತ್ತಲೇ ಇರಲಿಲ್ಲ. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು 1979ರಲ್ಲಿ ಲಾರಿ ಅಪಘಾತದ ಒಂದು ಪ್ರಕರಣದಲ್ಲಿ, ನೊಂದವರ ಕಡೆಗೆ ಕಣ್ಣೆತ್ತಿ ನೋಡದಿರುವುದೇ ನಮ್ಮ ದಂಡನ್ಯಾಯದ ದೌರ್ಬಲ್ಯವೆಂದು ವಿಷಾದಪಟ್ಟರು. 1988ರಲ್ಲಿಯೂ 2013ರಲ್ಲಿಯೂ ಸರ್ವೋಚ್ಚ ನ್ಯಾಯಾಲಯ ಕೆಳಗಿನ ನ್ಯಾಯಾಲಯಗಳಿಗೆ ಈ ಕಲಮನ್ನು ನೆನಪಿಸಬೇಕಾಯಿತು. 2009ರ ಕೊನೆಯ ದಿನ ಜಾರಿಗೆ ಬಂದ ತಿದ್ದುಪಡಿಯಿಂದ, ಅಪರಾಧಿ ಸಿಗದಿದ್ದರೂ ಸರ್ಕಾರದ ನಿಧಿಯಿಂದ ಪರಿಹಾರ ಕೊಡುವ ಯೋಜನೆಯೂ, ನೊಂದವನಿಗೆ ಮೇಲ್ಮನವಿಯ ಹಕ್ಕೂ ಬಂದವು.

ಈ ಮೇಲ್ಮನವಿಯ ಹಕ್ಕು ಎಷ್ಟು ಗಟ್ಟಿ ಎಂಬುದನ್ನು ತೀರ್ಮಾನಿಸಿದ್ದು ನಮ್ಮ ಬಾಗಲಕೋಟೆ ಜಿಲ್ಲೆಯ ಒಂದು ಪ್ರಕರಣ. 2009ರಲ್ಲಿ ಹಲ್ಲೆಗೊಳಗಾದ ಒಬ್ಬರು, ಸೆಷನ್ಸ್ ನ್ಯಾಯಾಲಯ ಆಪಾದಿತರನ್ನು ಬಿಡುಗಡೆ ಮಾಡಿದಾಗ ತಾವೇ ಮೇಲ್ಮನವಿ ಹೂಡಿದರು. ವಿಶೇಷ ಅನುಮತಿಯಿಲ್ಲದೆ ಅದು ನಿಲ್ಲುವುದೇ ಎಂಬುದು ಪ್ರಶ್ನೆ. 2018ರ ಅಕ್ಟೋಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ, ಇಬ್ಬರು ಒಪ್ಪಿ ಒಬ್ಬರು ಭಿನ್ನಮತ ಸೂಚಿಸಿ, ನಿಲ್ಲುತ್ತದೆಂದು ತೀರ್ಪಿತ್ತಿತು. ಅಷ್ಟು ಹೊತ್ತಿಗೆ ಮೇಲ್ಮನವಿ ಹೂಡಿದವರು ತೀರಿಕೊಂಡಿದ್ದರು. ವಾರಸುದಾರರು ಮೊಕದ್ದಮೆಯನ್ನು ಮುಂದುವರಿಸಿದ್ದರು. ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂಬ ಗಾದೆ ನಮ್ಮಲ್ಲಿದೆ. ಇಲ್ಲಿ ಗೆದ್ದವರೇ ಇರಲಿಲ್ಲ.

ಆದರೂ ವಿಚಾರಣೆ ನಡೆಯುವಾಗ ನೊಂದವನ ವಕೀಲನು ಸರ್ಕಾರಿ ವಕೀಲನ ಬೆನ್ನ ಹಿಂದೆಯೇ ಇರಬೇಕು. ಅವನು ಸ್ವತಂತ್ರವಾಗಿ ಪಾಟೀಸವಾಲು ಮಾಡುವಂತಿಲ್ಲ, ಬಾಯಿಂದ ವಾದ ಮಾಡುವಂತಿಲ್ಲ, ಲಿಖಿತ ವಾದ ಸಲ್ಲಿಸಬಹುದು ಎಂದು 2019ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿತು. 2022ರಲ್ಲಿ ಲಖೀಂಪುರ ಖೇರಿಯ ರೈತರ ಪ್ರಕರಣದಲ್ಲಿ ಅದೇ ನ್ಯಾಯಾಲಯ, ತನಿಖೆಯಿಂದ ಮೇಲ್ಮನವಿಯವರೆಗೆ ಪ್ರತಿ ಹಂತದಲ್ಲಿಯೂ ನೊಂದವರ ಮಾತನ್ನು ಕೇಳಬೇಕೆಂದಿತು. 2024ರ ಜುಲೈ 1ರಿಂದ ಹಳೆಯ ಸಂಹಿತೆಯ ಜಾಗದಲ್ಲಿ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಹಳೆಯ ಪರಿಹಾರದ ಕಲಮುಗಳನ್ನು 395, 396 ಎಂದು ಉಳಿಸಿಕೊಂಡಿದೆ. ತನಿಖೆ ಎಲ್ಲಿಗೆ ಬಂತೆಂದು ತೊಂಬತ್ತು ದಿನಗಳೊಳಗೆ ನೊಂದವನಿಗೆ ತಿಳಿಸಬೇಕೆಂದೂ, ಸರ್ಕಾರ ಮೊಕದ್ದಮೆ ಹಿಂತೆಗೆದುಕೊಳ್ಳುವ ಮುನ್ನ ನ್ಯಾಯಾಲಯ ಅವನ ಮಾತು ಕೇಳಬೇಕೆಂದೂ ಸೇರಿಸಿದೆ. ಒಟ್ಟಿನಲ್ಲಿ ನಾವು ಅವನನ್ನು ಅಂಗಳಕ್ಕೆ ಬರಗೊಟ್ಟಿದ್ದೇವೆ. ಪಡಸಾಲೆಗೆ ಇನ್ನೂ ಕರೆದಿಲ್ಲ.

ಹೊರಗಿಡಬೇಕೆನ್ನುವವರು ಇಲ್ಲಿ ಎತ್ತಿಹೇಳಬಹುದಾದ ಬಲವಾದ ದೃಷ್ಟಾಂತ ಭೋಪಾಲದ್ದು. 1984ರ ಡಿಸೆಂಬರ್ 2-3ರ ರಾತ್ರಿ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಿಂದ ವಿಷಾನಿಲ ಸೋರಿ ಸಾವಿರಾರು ಜನ ಸತ್ತರು. 1989ರ ಫೆಬ್ರವರಿ 14ರಂದು ಸರ್ವೋಚ್ಚ ನ್ಯಾಯಾಲಯದಲ್ಲಿ 47 ಕೋಟಿ ಡಾಲರಿಗೆ ರಾಜಿಯಾಯಿತು. ಆ ರಾಜಿಯ ಒಂದು ಅಂಗವಾಗಿ ಕ್ರಿಮಿನಲ್ ಮೊಕದ್ದಮೆಗಳನ್ನೂ ರದ್ದುಮಾಡಲಾಯಿತು. 'ನೋಡಿ, ಹಣವನ್ನೂ ಶಿಕ್ಷೆಯನ್ನೂ ಒಂದೇ ತಕ್ಕಡಿಗೆ ಹಾಕಿದರೆ ಹೀಗಾಗುತ್ತದೆ. ಹಣ ಕೊಟ್ಟವನು ಶಿಕ್ಷೆಯಿಂದ ಪಾರಾಗುತ್ತಾನೆ' ಎಂದು ಅವರು ಹೇಳಿದರೆ ತಪ್ಪೆನ್ನಲಾಗದು. ದೇಶವಿಡೀ ಎದ್ದ ಪ್ರತಿಭಟನೆಯ ಬಳಿಕ 1991ರ ಅಕ್ಟೋಬರ್ 3ರಂದು ಕ್ರಿಮಿನಲ್ ಮೊಕದ್ದಮೆಗಳಿಗೆ ಮರುಜೀವ ಬಂತು. 2010ರ ಜೂನ್ 7ರಂದು ಭೋಪಾಲದ ನ್ಯಾಯಾಲಯ ಏಳು ಮಂದಿ ಭಾರತೀಯ ಅಧಿಕಾರಿಗಳಿಗೆ ಎರಡು ವರ್ಷದ ಸಜೆ ವಿಧಿಸಿತು. ಪರಿಹಾರವನ್ನು ಹೆಚ್ಚಿಸಬೇಕೆಂಬ ಸರ್ಕಾರದ ಕೊನೆಯ ಅರ್ಜಿ 2023ರ ಮಾರ್ಚಿನಲ್ಲಿ ವಜಾ ಆಯಿತು.

ಆದರೆ ಈ ದೃಷ್ಟಾಂತವನ್ನು ಇನ್ನೊಂದು ಕಡೆಯಿಂದ ನೋಡಬೇಕು. ಆ ರಾಜಿಗೆ ಒಪ್ಪಿಗೆ ಕೊಟ್ಟವರು ಯಾರು? ಭೋಪಾಲದ ಓಣಿಗಳಲ್ಲಿ ಕಣ್ಣು ಕಳೆದುಕೊಂಡವರಲ್ಲ. 1985ರ ಒಂದು ಶಾಸನದ ಮೂಲಕ ಅವರೆಲ್ಲರ ಪರವಾಗಿ ದಾವೆ ನಡೆಸುವ ಹಕ್ಕನ್ನು ಕೇಂದ್ರ ಸರ್ಕಾರ ತಾನೊಬ್ಬನೇ ವಹಿಸಿಕೊಂಡಿತ್ತು. ತಂದೆಯಿಲ್ಲದ ಮಕ್ಕಳಿಗೆ ತಾನೇ ತಂದೆ ಎಂಬ ತತ್ತ್ವದ ಮೇಲೆ ನಿಂತ ಶಾಸನವದು. ಕ್ರಿಮಿನಲ್ ಮೊಕದ್ದಮೆಯಂತೂ ಮೊದಲೇ ಸರ್ಕಾರದ್ದು. ಹೀಗೆ ಎರಡೂ ಬಾಗಿಲಲ್ಲಿ ನೊಂದವರು ಹೊರಗೇ ಉಳಿದಿದ್ದರು. ಹಣಕ್ಕೂ ಶಿಕ್ಷೆಗೂ ಗಂಟುಬಿದ್ದದ್ದು ಅವರ ಕೈಯಿಂದಲ್ಲ, ಅವರು ಇಲ್ಲದಿದ್ದಾಗ. ಅವರೊಳಗಿನ ಒಬ್ಬಳು ಮುದುಕಿಗೆ ಅಂದು ಎದ್ದುನಿಂತು ಮಾತಾಡುವ ಹಕ್ಕಿದ್ದಿದ್ದರೆ 'ಹಣ ಬೇಕು, ಆದರೆ ಅವರ ತಪ್ಪನ್ನು ಮಾರುವುದಕ್ಕೆ ನೀವು ಯಾರು?' ಎಂದು ಕೇಳುತ್ತಿರಲಿಲ್ಲವೇ? ನಮ್ಮ ಮಟ್ಟಿಗೆ ಭೋಪಾಲ ಹೇಳುವ ಪಾಠ ಇದು: ಹಣದ ಕಾರಣಕ್ಕೆ ನ್ಯಾಯ ಕೆಡುವ ಭಯವಿದ್ದರೆ, ಅದನ್ನು ಕಾಯಲು ನೊಂದವನಿಗಿಂತ ಒಳ್ಳೆಯ ಕಾವಲುಗಾರನಿಲ್ಲ.

ದೆಹಲಿಯ ಉಪಹಾರ್ ಚಿತ್ರಮಂದಿರದ ಬೆಂಕಿಯೂ ಇದನ್ನೇ ಹೇಳುತ್ತದೆ. 1997ರ ಜೂನ್ 13ರಂದು 59 ಮಂದಿ ಅಲ್ಲಿ ಉಸಿರುಕಟ್ಟಿ ಸತ್ತರು. ಮಕ್ಕಳನ್ನು ಕಳೆದುಕೊಂಡ ತಂದೆತಾಯಿಗಳು ಸಂಘ ಕಟ್ಟಿ ಎರಡು ದಶಕ ಹೋರಾಡಿದರು. ಪರಿಹಾರದ ಮೊಕದ್ದಮೆ ಬೇರೆ ದಾರಿಯಲ್ಲಿ ಹೋಯಿತು. ದೆಹಲಿ ಉಚ್ಚ ನ್ಯಾಯಾಲಯ 2003ರಲ್ಲಿ ಕೊಟ್ಟ ಮೊತ್ತವನ್ನು 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ತಗ್ಗಿಸಿತು. ಕ್ರಿಮಿನಲ್ ಮೊಕದ್ದಮೆಯಲ್ಲಿ 2015ರಲ್ಲಿ, ಮಾಲಿಕರಿಬ್ಬರು ತಲಾ 30 ಕೋಟಿ ರೂಪಾಯಿ ಕೊಟ್ಟರೆ ಉಳಿದ ಸೆರೆವಾಸ ಬೇಡವೆಂಬ ಆಜ್ಞೆಯಾಯಿತು. 2017ರಲ್ಲಿ ಅದು ಒಬ್ಬರ ಮಟ್ಟಿಗೆ ಬದಲಾಯಿತು. ಆ ಹಣ ಆಸ್ಪತ್ರೆ ಕಟ್ಟಲೆಂದು, ತಂದೆತಾಯಿಗಳಿಗೆಂದಲ್ಲ. ಅವರು ಕೇಳಿದ್ದೂ ಅದನ್ನಲ್ಲ. ಸಿವಿಲ್ ಪಕ್ಷಗಾರರೇ ಇಲ್ಲದ ಕಡೆಯಲ್ಲಿಯೂ ಹಣ ಕ್ರಿಮಿನಲ್ ನ್ಯಾಯಾಲಯದೊಳಗೆ ಬಂದೇ ಬಂತು. ಮುಂಬಾಗಿಲಲ್ಲಿ ನೊಂದವನನ್ನು ತಡೆದೆವು. ಹಣ ಹಿತ್ತಿಲಿನಿಂದ ಒಳಗೆ ಹೋಯಿತು.

ಈಗ ಅವರ ವಾದಗಳಿಗೆ ಒಂದೊಂದಾಗಿ ಉತ್ತರ ನೋಡೋಣ. ಸಾಕ್ಷಿಯ ಬಾಯಿ ಹಣದ ಆಸೆಗೆ ವಾಲುತ್ತದೆ ಎಂದರು. ಅವನನ್ನು ಹೊರಗಿಟ್ಟರೆ ಆಸೆ ಹೋಗುತ್ತದೆಯೇ? ನಾಳೆ ಅವನು ಸಿವಿಲ್ ಕೋರ್ಟಿಗೆ ಹೋಗುವವನೇ. ಆಸೆ ಇದ್ದಲ್ಲೇ ಇರುತ್ತದೆ, ಕಣ್ಣಿಗೆ ಬೀಳುವುದಿಲ್ಲ ಅಷ್ಟೆ. ಎದುರಿಗೆ ಪಕ್ಷಗಾರನಾಗಿ ಕುಳಿತವನ ಆಸೆಯನ್ನು ಪಾಟೀಸವಾಲಿನಲ್ಲಿ ಬಯಲಿಗೆಳೆಯಬಹುದು. ಬಚ್ಚಿಟ್ಟ ಆಸೆಯನ್ನು ಎಳೆಯುವುದು ಕಷ್ಟ. ಸೇಡಿನ ಮಾತನ್ನೂ ಹೇಳಿದರು. ಕಳೆದುಕೊಂಡದ್ದನ್ನು ಕೊಡಿ ಎನ್ನುವುದು ಸೇಡಲ್ಲ. ಸೇಡಿನವನು ಎದುರಾಳಿಯ ನಷ್ಟವನ್ನು ಕೇಳುತ್ತಾನೆ, ಪರಿಹಾರದವನು ತನ್ನ ನಷ್ಟದ ಭರ್ತಿಯನ್ನು ಕೇಳುತ್ತಾನೆ.

ಆದರೆ ಆಪಾದಿತನ ಕಷ್ಟದ ಮಾತು, ಪುರಾವೆಯ ಎರಡು ಅಳತೆಯ ಮಾತು ಇವು ನಿಜವಾಗಿ ಭಾರವಾದವು. ಅವನ್ನು ತಳ್ಳಿಹಾಕಲು ನಮಗೆ ಧೈರ್ಯ ಬಾರದು. ಕಟಕಟೆಯಲ್ಲಿ ನಿಂತವನೂ ಎಷ್ಟೋ ಸಲ ಬಡವನೇ. ಅವನ ಹೆಂಡತಿಯ ಕಿವಿಯೋಲೆ ಮಾರಿ ಪರಿಹಾರ ಕೊಡಿಸಿದರೆ ಒಂದು ಮನೆಯ ಕಣ್ಣೀರನ್ನು ಇನ್ನೊಂದು ಮನೆಗೆ ಸಾಗಿಸಿದಂತಾದೀತು. ಇನ್ನು ಕ್ರಿಮಿನಲ್ ತೀರ್ಪಿಗೇ ಪರಿಹಾರವನ್ನು ಕಟ್ಟಿಹಾಕಿದರೆ ನೊಂದವನಿಗೂ ಹಾನಿ. ಬಸ್ಸು ಅಪಘಾತದ ಒಂದು ಪ್ರಕರಣದಲ್ಲಿ ಚಾಲಕನು ಕ್ರಿಮಿನಲ್ ಕೋರ್ಟಿನಲ್ಲಿ ಬಿಡುಗಡೆಯಾಗಿದ್ದರೂ ಸತ್ತವರ ಮನೆಯವರಿಗೆ ಪರಿಹಾರ ನಿಲ್ಲುವುದಿಲ್ಲ ಎಂದು 1980ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪು ಕೊಟ್ಟಿತು. ಎರಡು ಬಾಗಿಲು ಇದ್ದದ್ದರಿಂದಲೇ ಆ ಮನೆಗಳಿಗೆ ಅನ್ನ ಸಿಕ್ಕಿತು. ಆದ್ದರಿಂದ ಎರಡನೆಯ ಬಾಗಿಲನ್ನು ಮುಚ್ಚಿ ಎಲ್ಲರನ್ನೂ ಒಂದೇ ಬಾಗಿಲಲ್ಲಿ ನುಗ್ಗಿಸಬೇಕೆಂದು ನಾವು ಹೇಳುವುದಿಲ್ಲ.

ನಮಗೆ ಕಾಣುವ ದಾರಿ ಇದು. ದನಿ ಬೇರೆ, ಲೆಕ್ಕ ಬೇರೆ. ಅಪರಾಧ ನಡೆಯಿತೇ, ಮಾಡಿದವನು ಇವನೇ ಎಂಬ ಪ್ರಶ್ನೆ ತೀರ್ಮಾನವಾಗುವವರೆಗೆ ನ್ಯಾಯಾಲಯದಲ್ಲಿ ರೂಪಾಯಿಯ ಮಾತು ಏಳಬಾರದು. ಆದರೆ ಆ ಹಂತದಲ್ಲಿಯೂ ನೊಂದವನ ದನಿ ಏಳಬೇಕು. ಸರ್ಕಾರಿ ವಕೀಲನು ಬಿಟ್ಟ ಪ್ರಶ್ನೆಯನ್ನು ನ್ಯಾಯಾಧೀಶರ ಅನುಮತಿಯಿಂದ ಅವನ ವಕೀಲನು ಕೇಳಬಹುದಾಗಬೇಕು. ಒಮ್ಮೆ ಕೇಳಿದ್ದನ್ನೇ ಮತ್ತೆ ಕೇಳಿ ಆಪಾದಿತನನ್ನು ಹಣ್ಣುಮಾಡಲು ಬಿಡಬಾರದು. ತಪ್ಪಿತಸ್ಥನೆಂದು ತೀರ್ಪಾದ ಮೇಲೆ ಅದೇ ನ್ಯಾಯಾಧೀಶರು, ಅದೇ ಸಾಕ್ಷ್ಯದ ಮೇಲೆ, ತಡಮಾಡದೆ ಪರಿಹಾರದ ಲೆಕ್ಕಕ್ಕೆ ಕುಳಿತುಕೊಳ್ಳಬೇಕು. ಲೆಕ್ಕ ತೀರ ತೊಡಕಾದರೆ ಅದನ್ನು ಸಿವಿಲ್ ಕೋರ್ಟಿಗೆ ಒಪ್ಪಿಸಲಿ; ಆದರೆ ನಡೆದ ಸಂಗತಿಯನ್ನು ಮತ್ತೊಮ್ಮೆ ಮೊದಲಿನಿಂದ ರುಜುವಾತು ಮಾಡುವ ಹಿಂಸೆ ಬೇಡ. ಪರಿಹಾರ ಕೊಟ್ಟೆನೆಂದು ಸಜೆ ಕಡಿಮೆಯಾಗಬಾರದು, ಸಜೆ ಅನುಭವಿಸಿದೆನೆಂದು ಪರಿಹಾರ ಕಡಿಮೆಯಾಗಬಾರದು. ಅಪರಾಧಿ ಬಡವನಾದರೆ ಸರ್ಕಾರದ ನಿಧಿ ಮೊದಲು ಕೈಹಿಡಿಯಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ರಾಜಿಯಾಗಲಿ ಹಿಂತೆಗೆತವಾಗಲಿ ನೊಂದವನು ಎದುರಿಗಿಲ್ಲದೆ ನಡೆಯಬಾರದು.

ಇದರಿಂದ ವಿಚಾರಣೆ ಕೆಲವು ದಿನ ಹೆಚ್ಚು ಹಿಡಿದೀತು. ಆದರೆ ಎರಡು ಮೊಕದ್ದಮೆಗಳಿಗೆ ಹಿಡಿಯುವ ಕಾಲವನ್ನು ಕೂಡಿಸಿ ನೋಡಿದರೆ ಉಳಿತಾಯವೇ ಸರಿ.

ಹೊರನಾಡಿನಲ್ಲಿ ನೆಲೆಸಿದ ನಮಗೆ ಈ ವಿಷಯ ಇನ್ನೊಂದು ಕಾರಣದಿಂದ ಹತ್ತಿರದ್ದು. ಕುಂದಾಪುರದ ಕಡೆಯಿಂದ ಮುಂಬಯಿಗೆ ಬಂದು ಹೋಟೆಲಿನಲ್ಲಿ ದುಡಿಯುವ ಹುಡುಗನೊಬ್ಬ ಲಾರಿಗೆ ಸಿಕ್ಕಿ ಸತ್ತನೆಂದು ಊಹಿಸೋಣ. 1994ರ ತಿದ್ದುಪಡಿಯಿಂದಾಗಿ ಅವನ ತಾಯಿ ಪರಿಹಾರದ ಅರ್ಜಿಯನ್ನು ತನ್ನ ಊರಿನ ಕಡೆಯ ನ್ಯಾಯಮಂಡಲಿಯಲ್ಲಿಯೇ ಹಾಕಬಹುದು. ಅದು ದೊಡ್ಡ ಉಪಕಾರ. ಆದರೆ ಮಗನನ್ನು ಕೊಂದವನ ವಿಚಾರಣೆ ಮುಂಬಯಿಯ ಮ್ಯಾಜಿಸ್ಟ್ರೇಟರ ಮುಂದೆ, ಅವಳಿಗೆ ತಿಳಿಯದ ಭಾಷೆಯಲ್ಲಿ ನಡೆಯುತ್ತದೆ. ದುಡ್ಡಿನ ವಿಷಯ ಮಾತ್ರ ಅವಳ ಪಾಲಿಗೆ. ಮಗನ ಸಾವಿಗೆ ಯಾರು ಹೊಣೆ ಎಂಬ ವಿಷಯ ಅವಳಿಗೆ ಸೇರಿದ್ದಲ್ಲ! ಆ ಮೊಕದ್ದಮೆ ಮುಗಿದದ್ದು ಕೂಡ ಅವಳಿಗೆ ತಿಳಿಯದಿರಬಹುದು. ತಾಯಿಗೆ ಹಣದ ಹಕ್ಕನ್ನು ಕೊಟ್ಟು ಸತ್ಯದ ಹಕ್ಕನ್ನು ಕೊಡದಿರುವ ವ್ಯವಸ್ಥೆ, ಅವಳು ಹಣಕ್ಕಾಗಿ ಬಂದವಳೆಂದು ದೂರುವುದು ಎಷ್ಟು ಸರಿ?

ಕಾನೂನು ತಿದ್ದುವುದು ನಮ್ಮ ಕೈಯಲ್ಲಿಲ್ಲ. ಆದರೆ ಈಗಿರುವ ಕಾನೂನಿನಲ್ಲಿಯೇ ನೊಂದವನು ತನ್ನ ವಕೀಲನನ್ನು ಇಟ್ಟುಕೊಳ್ಳಬಹುದು, ಲಿಖಿತ ವಾದ ಕೊಡಬಹುದು, ಪರಿಹಾರದ ಅರ್ಜಿ ಹಾಕಬಹುದು, ಬಿಡುಗಡೆಯ ತೀರ್ಪಿನ ಮೇಲೆ ಮೇಲ್ಮನವಿ ಹೋಗಬಹುದು. ಇವನ್ನು ಅರಿಯದವರೇ ಹೆಚ್ಚು. ನಮ್ಮ ಊರೂರಿನ ಸಂಘಗಳಲ್ಲಿ ವಕೀಲರಿದ್ದಾರೆ, ನಿವೃತ್ತ ಅಧಿಕಾರಿಗಳಿದ್ದಾರೆ, ಆ ಊರಿನ ಭಾಷೆಯನ್ನು ನೀರು ಕುಡಿದಂತೆ ಆಡುವವರಿದ್ದಾರೆ. ತಿಂಗಳಿಗೊಂದು ದಿನ ಅಂಥವರೊಬ್ಬರು ನ್ಯಾಯಾಲಯದಲ್ಲಿ ನಮ್ಮವರ ಪಕ್ಕದಲ್ಲಿ ಕುಳಿತು, ನಡೆಯುತ್ತಿರುವುದೇನೆಂದು ಕನ್ನಡದಲ್ಲಿ ಹೇಳಿದರೆ ಅದೂ ಒಂದು ಸಮುತ್ಥಾನವೇ. ಬಿದ್ದವನು ಎದ್ದು ನಿಲ್ಲಲು ಔಷಧದ ಖರ್ಚಿನಷ್ಟೇ, ತನಗಾದ ಅನ್ಯಾಯವನ್ನು ತನ್ನೆದುರಿಗೇ ಅನ್ಯಾಯವೆಂದು ಹೇಳಿದ ಒಂದು ಮಾತೂ ಬೇಕು. ಓದುಗರು ಈ ವಿಷಯದಲ್ಲಿ ತಮ್ಮ ಅಭಿಪ್ರಾಯವನ್ನು ಬರೆದರೆ ಚರ್ಚೆ ಬೆಳೆದೀತು.